ಕೋಡಿ, ಏರಿ, ಅಚ್ಚುಕಟ್ಟು: ಪದಕಲಿಕೆಯಲ್ಲಿ ಸಂದರ್ಭ ಮತ್ತು ಅರ್ಥನಿರೂಪಣೆ

ಸಾರಾಂಶ

ಓದುಗರು ಹೊಸ ಪದದ ಅರ್ಥವನ್ನು ನಿಘಂಟಿನ ವಿವರಣೆಯಿಂದಲೋ ಬಳಕೆಯ ಸಂದರ್ಭದಿಂದಲೋ ಅರಿಯುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದ ಕೆರೆ ಸಂಬಂಧಿ ಪದಗಳ ಮೂಲಕ, ಈ ಎರಡು ಮಾರ್ಗಗಳು ಪರಸ್ಪರ ಪೂರಕವೆಂದು ಈ ಲೇಖನ ವಿವರಿಸುತ್ತದೆ. ಅಪರಿಚಿತ ಪದಕ್ಕಿಂತ ಪರಿಚಿತವೆನಿಸುವ ಪದವೇ ಹೆಚ್ಚು ತಪ್ಪುಗ್ರಹಿಕೆಗೆ ಎಡೆಮಾಡುತ್ತದೆಂಬುದು ನಮ್ಮ ಪ್ರತಿಪಾದನೆ.

ಪ್ರಮುಖ ಪದಗಳು: ಪದಕೋಶ, ಸಂದರ್ಭ, ಅರ್ಥನಿರೂಪಣೆ, ಪದಸಾಹಚರ್ಯ

1. ಪೀಠಿಕೆ

ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಕುಣಿಗಲ್ಲಿನ ದೊಡ್ಡಕೆರೆಗಳ ಸುತ್ತ ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು, ನೀರುಗಂಟಿ ಮುಂತಾದ ಪದಗಳ ಸಮೃದ್ಧ ಕೋಶವಿದೆ. ಕೃಷಿಕ ಮನೆಯ ಮಗು ಇವನ್ನು ಕೆರೆಯ ಬಳಿಯಲ್ಲೇ ಕಲಿಯುತ್ತದೆ. ನಲ್ಲಿನೀರು, ಕೊಳವೆಬಾವಿಗಳ ನಡುವೆ ಬೆಳೆದ ವಿದ್ಯಾರ್ಥಿಗಾದರೋ ಇವು ಪಠ್ಯ, ಪತ್ರಿಕಾ ವರದಿ, ಸರ್ಕಾರಿ ಪ್ರಕಟಣೆಗಳಲ್ಲಿಯೇ ಮೊದಲು ಎದುರಾಗುತ್ತವೆ. ಮುಂದಿನ ಉದಾಹರಣಾ ವಾಕ್ಯಗಳನ್ನು ವಿಶ್ಲೇಷಣೆಗಾಗಿ ನಾವೇ ರಚಿಸಿದ್ದೇವೆ.

2. ಸಂದರ್ಭದ ಬಗೆಗಳು

ಬೆಕ್, ಮೆಕ್‌ಕೌನ್ ಮತ್ತು ಮೆಕ್‌ಕ್ಯಾಸ್ಲಿನ್ 1983ರಲ್ಲಿ ಸಂದರ್ಭಗಳನ್ನು ನಾಲ್ಕಾಗಿ ವಿಂಗಡಿಸಿದರು: ಅರ್ಥವನ್ನು ನೇರವಾಗಿ ತೋರುವುದು, ಸ್ಥೂಲ ಕಲ್ಪನೆ ಕೊಡುವುದು, ಏನನ್ನೂ ಸೂಚಿಸದಿರುವುದು, ದಾರಿ ತಪ್ಪಿಸುವುದು. ಈ ವಾಕ್ಯಗಳನ್ನು ಗಮನಿಸಬಹುದು:

(1) ರಾತ್ರಿ ಸುರಿದ ಮಳೆಗೆ ಕೆರೆ ಕೋಡಿ ಬಿದ್ದಿದೆ.
(2) ಕೆರೆ ತುಂಬಿ ಕೋಡಿ ಹರಿಯಿತು. ಗ್ರಾಮಸ್ಥರು ಬಾಗಿನ ಅರ್ಪಿಸಿದರು.

ಗೋಡೆ ಬಿತ್ತು, ಮನೆ ಬಿತ್ತು ಎಂಬ ಬಳಕೆಗಳನ್ನು ಬಲ್ಲ ಓದುಗ, (1)ರಿಂದ ಕೆರೆಗೆ ಹಾನಿಯಾಯಿತೆಂದು ಊಹಿಸುವುದು ಸಹಜ. ವಸ್ತುತಃ ಕೋಡಿಯೆಂಬುದು ಏರಿಗೆ ಅಪಾಯವಾಗದಂತೆ ಹೆಚ್ಚುವರಿ ನೀರು ಹೊರಹರಿಯಲು ಮಾಡಿದ ದಾರಿ. ಕೋಡಿ ಬೀಳುವುದು ಕೆರೆ ತುಂಬಿದುದರ ಲಕ್ಷಣ. (2)ರಲ್ಲಿ ‘ತುಂಬಿ’, ‘ಬಾಗಿನ’ ಎಂಬ ಪದಗಳು ಊಹೆಯನ್ನು ಸರಿದಾರಿಗೆ ತರುತ್ತವೆ. ‘ಕೋಡಿ ಬಿದ್ದಿದೆ’, ‘ಏರಿ ಒಡೆದಿದೆ’ ಎಂಬ ಎರಡು ಸುದ್ದಿಗಳ ಅಂತರವನ್ನು ಕೆರೆಯ ಕೆಳಭಾಗದಲ್ಲಿ ವಾಸಿಸುವವರು ತಪ್ಪಾಗಿ ತಿಳಿಯುವಂತಿಲ್ಲ.

3. ಪರಿಚಿತ ಪದದ ತೊಡಕು

‘ತೂಬು’ ಅಪರಿಚಿತವಾದರೆ ಓದುಗ ನಿಲ್ಲುತ್ತಾನೆ, ಕೇಳುತ್ತಾನೆ. ‘ಅಚ್ಚುಕಟ್ಟು’ ಎಂಬಲ್ಲಿ ನಿಲ್ಲುವುದಿಲ್ಲ. ‘ಓರಣ’ ಎಂಬ ಅರ್ಥ ಅವನಿಗೆ ಮೊದಲೇ ಗೊತ್ತು.

(3) ಈ ಕೆರೆಯ ಅಚ್ಚುಕಟ್ಟು ಹಾಳಾಗಿದೆ.
(4) ಈ ಕೆರೆಯ ಅಚ್ಚುಕಟ್ಟು ನೂರು ಎಕರೆ.

(3)ಕ್ಕೆ ಎರಡು ಅರ್ಥಗಳೂ ಹೊಂದುವುದರಿಂದ ತಪ್ಪು ಬಯಲಾಗುವುದಿಲ್ಲ. (4)ರಲ್ಲಿ ‘ಎಕರೆ’ ಎಂಬ ಅಳತೆಯು, ಕೆರೆನೀರಿನಿಂದ ಸಾಗುವಳಿಯಾಗುವ ಭೂಮಿ ಎಂಬ ಅರ್ಥದತ್ತ ಒಯ್ಯುತ್ತದೆ. ‘ಏರಿ’ಯ ವಿಷಯದಲ್ಲಿ ನೆರವಾಗುವುದು ವ್ಯಾಕರಣ. ‘ಏರಿ ಏರಿ ನೋಡಿದರು’ ಎಂಬಲ್ಲಿ ಮೊದಲನೆಯದು ಕೆರೆಯ ದಂಡೆಯೋ ‘ಹತ್ತಿ’ ಎಂಬುದರ ಪುನರುಕ್ತಿಯೋ ತಿಳಿಯದು. ‘ಏರಿಯ ಮೇಲೆ’ ಎಂಬಲ್ಲಿ ಸಂದೇಹವಿಲ್ಲ, ಏಕೆಂದರೆ ವಿಭಕ್ತಿಪ್ರತ್ಯಯ ಕೃದಂತಾವ್ಯಯಕ್ಕೆ ಹತ್ತುವುದಿಲ್ಲ.

4. ಅರ್ಥನಿರೂಪಣೆಯ ಬಲ ಮತ್ತು ಮಿತಿ

‘ಅಮಾನಿಕೆರೆ’ ಎಂಬ ಹೆಸರನ್ನು ತುಮಕೂರಿನವರು ಎಷ್ಟು ಬಾರಿ ಕೇಳಿದರೂ ‘ಅಮಾನಿ’ಯ ಅರ್ಥ ಸಂದರ್ಭದಿಂದ ದೊರೆಯದು, ಅಂಕಿತನಾಮವು ಸ್ಥಳವನ್ನು ಗುರುತಿಸಿ ಸುಮ್ಮನಾಗುತ್ತದೆ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನಿರ್ವಹಿಸುವುದು ಎಂಬ ಕಂದಾಯಾಡಳಿತದ ಅರ್ಥವನ್ನು ನಿಘಂಟೇ ಹೇಳಬೇಕು. ಅರಬ್ಬೀ ಮೂಲವನ್ನು ತಿಳಿದಾಗ ‘ಅಮಾನತು’ ಇದರ ಬಂಧುವೆಂದೂ ಹೊಳೆಯುತ್ತದೆ.

ಆದರೆ ‘ಕೋಡಿ: ಹೆಚ್ಚುವರಿ ನೀರು ಹೊರಹರಿಯುವ ದಾರಿ’ ಎಂಬ ನಿರೂಪಣೆಯೊಂದರಿಂದಲೇ ‘ಕೋಡಿ ಬೀಳು’ ಎಂಬ ಪ್ರಯೋಗವನ್ನು ಯಾರೂ ಕಲ್ಪಿಸಿಕೊಳ್ಳಲಾರರು. ಪದಸಾಹಚರ್ಯವನ್ನು ಕಲಿಸುವುದು ಬಳಕೆಯೇ. ಅದೂ ಒಮ್ಮೆಗೇ ಆಗದು: ಒಂದೇ ಬಾರಿ ಎದುರಾದ ಪದವನ್ನು ಸಂದರ್ಭದಿಂದ ಕಲಿಯುವ ಸಂಭವ ಅಲ್ಪವೆಂದು ನಾಗಿ, ಹರ್ಮನ್ ಮತ್ತು ಆಂಡರ್ಸನ್ 1985ರಲ್ಲಿ ತೋರಿಸಿದ್ದಾರೆ.

5. ಉಪಸಂಹಾರ

ತರಗತಿಯಲ್ಲಿ ನಾವು ಈ ಕ್ರಮವನ್ನು ಸೂಚಿಸುತ್ತೇವೆ: ಮೊದಲು ಸಂದರ್ಭ ಮತ್ತು ಪ್ರತ್ಯಯಗಳಿಂದ ಊಹೆ, ಬಳಿಕ ನಿಘಂಟಿನಲ್ಲಿ ಪರಿಶೀಲನೆ, ಕೊನೆಗೆ ಬೇರೊಂದು ವಾಕ್ಯದಲ್ಲಿ ಆ ಅರ್ಥದ ಪರೀಕ್ಷೆ. ಪರಿಚಿತ ಪದವು ವಿಶೇಷ ವಿಷಯದ ಬರಹದಲ್ಲಿ ಕಂಡಾಗ ಎರಡನೆಯ ಹಂತವನ್ನು ಬಿಡಬಾರದು. ‘ಅಚ್ಚುಕಟ್ಟು’ ಪದಕ್ಕೆ ನಿಘಂಟನ್ನು ತೆರೆಯುವ ವಿದ್ಯಾರ್ಥಿ, ತಾನು ಬಲ್ಲ ಪದವನ್ನೂ ಸಂದೇಹಿಸಲು ಕಲಿತಿದ್ದಾನೆ.