ವಿದ್ಯುತ್ತಿನ ವಿಕೇಂದ್ರೀಕರಣ ಮತ್ತು ಸಹಕಾರ ತತ್ತ್ವ

ಕರ್ನಾಟಕದಲ್ಲಿ ವಿದ್ಯುಚ್ಛಕ್ತಿಯ ಇತಿಹಾಸವು ದೂರಕ್ಕೆ ಎಳೆದ ಒಂದು ತಂತಿಯಿಂದ ಆರಂಭವಾಗುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಅಂದಿನ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲೊಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಒಂದೆಡೆ ದೊಡ್ಡ ಉತ್ಪಾದನಾ ಕೇಂದ್ರ, ಇನ್ನೊಂದೆಡೆ ದೊಡ್ಡ ಬಳಕೆದಾರ, ನಡುವೆ ನೂರಾರು ಮೈಲಿಯ ತಂತಿ: ಇದೇ ಕೇಂದ್ರೀಕೃತ ವ್ಯವಸ್ಥೆಯ ಸ್ವರೂಪ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕವು ಕಾರ್ಯಾರಂಭ ಮಾಡಿದಾಗಲೂ ನಾಡು ಅನುಸರಿಸಿದುದು ಇದೇ ಮಾರ್ಗವನ್ನು.

ಈ ವ್ಯವಸ್ಥೆ ನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ತಂತಿ ಉದ್ದವಾದಷ್ಟೂ ದಾರಿಯಲ್ಲಿ ಶಕ್ತಿ ನಷ್ಟವಾಗುತ್ತದೆ. ತಂತಿಯ ಕೊನೆಯಲ್ಲಿರುವ ಊರಿಗೆ ವೋಲ್ಟೇಜು ಕುಗ್ಗಿ ತಲುಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ತು ಯಾವಾಗ ಬರಬೇಕು, ಎಷ್ಟು ಬರಬೇಕು ಎಂಬ ತೀರ್ಮಾನದಲ್ಲಿ ಆ ಊರಿಗೆ ಪಾಲಿರುವುದಿಲ್ಲ. ವಿದ್ಯುತ್ತನ್ನು ಬಳಕೆಯ ಸ್ಥಳದಲ್ಲಿಯೇ, ಬಳಸುವವರ ಒಡೆತನದಲ್ಲಿಯೇ ಉತ್ಪಾದಿಸಬೇಕೆಂಬ ವಿಚಾರ ಹುಟ್ಟಿದುದು ಈ ಕೊರತೆಯಿಂದ.

ಕಾರ್ಖಾನೆಗಳು ಹಿಡಿದ ದಾರಿ

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ ಭಾಗದ ಜನರಿಗೆ ಈ ವಿಚಾರವು ತೀರ ಹೊಸದೇನಲ್ಲ. ಸುಣ್ಣಕಲ್ಲಿನ ಈ ನೆಲದಲ್ಲಿ ಬೆಳೆದ ಸಿಮೆಂಟು ಕಾರ್ಖಾನೆಗಳು ಅದನ್ನು ಎಂದೋ ಅನುಸರಿಸಿವೆ. ಸಿಮೆಂಟಿನ ಗೂಡು ಸುಮಾರು 1,450 ಡಿಗ್ರಿ ಉಷ್ಣತೆಯಲ್ಲಿ ಹಗಲಿರುಳು ತಿರುಗುತ್ತಿರಬೇಕು. ಅದು ನಡುವೆ ನಿಂತರೆ ಒಳಗಿನ ಇಟ್ಟಿಗೆಯ ಹೊದಿಕೆಗೇ ಹಾನಿ. ಹೀಗಾಗಿ ಹೊರಗಿನ ತಂತಿಯೊಂದನ್ನೇ ನಂಬದೆ, ಇಲ್ಲಿಯ ದೊಡ್ಡ ಕಾರ್ಖಾನೆಗಳು ಕಲ್ಲಿದ್ದಲಿನಿಂದ ನಡೆಯುವ ಸ್ವಂತ ವಿದ್ಯುತ್ ಘಟಕಗಳನ್ನು ಕಟ್ಟಿಕೊಂಡವು. ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುವ ಬುದ್ಧಿ ಕಾರ್ಖಾನೆಗೆ ಇರಬಹುದಾದರೆ, ಊರಿಗೆ ಏಕೆ ಇರಬಾರದು?

ಕಾನೂನು ಈ ಪ್ರಶ್ನೆಗೆ ಅನುಕೂಲವಾದ ಉತ್ತರವನ್ನೇ ಕೊಟ್ಟಿದೆ. 2003ರ ವಿದ್ಯುಚ್ಛಕ್ತಿ ಅಧಿನಿಯಮವು ಸ್ವಂತ ಬಳಕೆಯ ಉತ್ಪಾದನಾ ಘಟಕವನ್ನು ನಿರೂಪಿಸುವಾಗ, ಸಹಕಾರ ಸಂಘವು ತನ್ನ ಸದಸ್ಯರ ಬಳಕೆಗಾಗಿ ಸ್ಥಾಪಿಸುವ ಘಟಕವನ್ನೂ ಅದೇ ನಿರೂಪಣೆಯಲ್ಲಿ ಸೇರಿಸಿದೆ. 2005ರ ನಿಯಮಗಳ ಪ್ರಕಾರ ಬಳಕೆದಾರರು ಒಡೆತನದಲ್ಲಿ ಶೇಕಡಾ 26ಕ್ಕೆ ಕಡಿಮೆಯಿಲ್ಲದ ಪಾಲನ್ನು ಹೊಂದಿರಬೇಕು, ವರ್ಷದ ಉತ್ಪಾದನೆಯಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟನ್ನು ತಾವೇ ಬಳಸಬೇಕು. ಸಹಕಾರ ಸಂಘವಾದರೆ ಸದಸ್ಯರೆಲ್ಲರೂ ಒಟ್ಟಾಗಿ ಈ ನಿಬಂಧನೆಯನ್ನು ಪೂರೈಸಿದರೆ ಸಾಕು. ಗ್ರಾಮೀಣ ಪ್ರದೇಶದ ಸ್ಥಳೀಯ ವಿತರಣೆಯನ್ನು ಪಂಚಾಯತಿಗಳು, ಬಳಕೆದಾರರ ಸಂಘಗಳು ಮತ್ತು ಸಹಕಾರ ಸಂಘಗಳು ನಿರ್ವಹಿಸುವುದಕ್ಕೂ ಅಧಿನಿಯಮದಲ್ಲಿ ಅವಕಾಶವಿದೆ.

ಹುಕ್ಕೇರಿಯ ನಿದರ್ಶನ

ಬೆಂಗಳೂರಿಗೆ ವಿದ್ಯುದ್ದೀಪ ಬಂದ 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ನೋಂದಣಿಯಾಯಿತು. ಒಂದೇ ವರ್ಷದಲ್ಲಿ ಕಾಣಿಸಿಕೊಂಡ ಈ ಎರಡು ಹೊಳೆಗಳು ಒಂದುಗೂಡಿದುದು 1969ರಲ್ಲಿ, ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ. ಆ ವರ್ಷ ಗ್ರಾಮೀಣ ವಿದ್ಯುದೀಕರಣ ನಿಗಮವು ಸ್ಥಾಪನೆಯಾಯಿತು; ದೇಶದಲ್ಲಿ ಮೊದಲಿಗೆ ಕೈಗೊಂಡ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಸಿರಸಿಲ್ಲಾ, ಮುಳಾ-ಪ್ರವರಾ, ಕೋಡಿನಾರ ಮತ್ತು ಲಖನೌ ಉಳಿದ ನಾಲ್ಕು. ಹುಕ್ಕೇರಿಯ ಸಂಘವು ವಿದ್ಯುತ್ತನ್ನು ತಾನು ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು ತಾಲ್ಲೂಕಿನ ಸದಸ್ಯರಿಗೆ ವಿತರಿಸುತ್ತದೆ. ಕಂಬ, ತಂತಿ, ಮೀಟರು, ವಸೂಲಿ ಎಲ್ಲವೂ ಸದಸ್ಯರ ಸಂಘದ ಹೊಣೆ. ಬಳಕೆದಾರನೇ ಮತದಾರನೂ ಆಗಿರುವ ಇಂತಹ ವ್ಯವಸ್ಥೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಾಳಿ ಬಂದಿರುವುದೇ ಗಮನಿಸತಕ್ಕ ಸಂಗತಿ. ಅದೇ ಕಾಲದಲ್ಲಿ ಹುಟ್ಟಿದ ಮುಳಾ-ಪ್ರವರಾ ಸಂಘದ ಕಥೆ ಬೇರೆಯಾಯಿತು. ಬಾಕಿಯ ಹೊರೆ ಬೆಳೆದು, 2011ರಲ್ಲಿ ವಿತರಣೆಯ ಹೊಣೆಯು ರಾಜ್ಯದ ಕಂಪನಿಯ ಕೈಸೇರಿತು. ಸಂಘದ ಆಯುಷ್ಯವು ಯಂತ್ರಕ್ಕಿಂತಲೂ ಲೆಕ್ಕಪುಸ್ತಕವನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಪುರ ಗ್ರಾಮದ ಪಾಠ

ಉತ್ಪಾದನೆಯನ್ನೂ ಊರೇ ಕೈಗೆತ್ತಿಕೊಂಡ ನಿದರ್ಶನ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಅಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿತು. ಅಡುಗೆಗೆ ಅನಿಲ ಒದಗಿಸುವುದು ಮೊದಲಿನ ಉದ್ದೇಶ. ಆದರೆ ಊರಿನ ಸೆಗಣಿಯಿಂದ ದೊರೆಯುವ ಅನಿಲ ಎಲ್ಲರ ಒಲೆಗೆ ಸಾಲಲಿಲ್ಲ. ಸೌದೆಯು ಕಾಸಿಲ್ಲದೆ ಸಿಗುತ್ತಿದ್ದುದರಿಂದ ಜನರಿಗೆ ಅದು ಮೊದಲ ಅಗತ್ಯವಾಗಿಯೂ ತೋರಲಿಲ್ಲ. ಅವರಿಗೆ ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು. 1987ರಲ್ಲಿ ಯೋಜನೆಯ ದಿಕ್ಕು ಬದಲಾಯಿತು. ಅದೇ ಅನಿಲದಿಂದ ಎಂಜಿನ್ ನಡೆಸಿ, ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರನ್ನೆತ್ತಿ ಬೀದಿಯ ನಲ್ಲಿಗಳಿಗೆ ಹರಿಸಿದರು. ಮನೆಗಳಿಗೆ ದೀಪ ಕೊಟ್ಟರು.

ಸೆಗಣಿ ತಂದುಕೊಟ್ಟ ಮನೆಗೆ ತೂಕದ ಪ್ರಕಾರ ಹಣ ಸಲ್ಲುತ್ತಿತ್ತು. ಸತ್ವ ಕಳೆಯದ ರಾಡಿಯು ಗೊಬ್ಬರವಾಗಿ ಅದೇ ಮನೆಗೆ ಹಿಂದಿರುಗುತ್ತಿತ್ತು. ಮೇಲ್ವಿಚಾರಣೆಯು ಗ್ರಾಮದ ಸಮಿತಿಯದು. ಸೆಗಣಿ ಬಾರದಿದ್ದರೆ ಎಂಜಿನ್ ನಿಲ್ಲುತ್ತದೆ. ಎಂಜಿನ್ ನಿಂತರೆ ತಪ್ಪು ಮಾಡಿದವನ ಮನೆಯ ನೀರೂ ನಿಲ್ಲುತ್ತದೆ. ಒಬ್ಬೊಬ್ಬನ ಹಿತವೂ ಎಲ್ಲರ ಹಿತವೂ ಒಂದೇ ನಲ್ಲಿಗೆ ಕಟ್ಟುಬಿದ್ದುದರಿಂದ ಶಿಸ್ತು ತಾನಾಗಿ ಮೂಡಿತು. ಹಲವು ವರ್ಷ ನಡೆದ ಆ ವ್ಯವಸ್ಥೆ ಈಗ ಉಳಿದಿಲ್ಲ. ಆದರೆ ಅದು ಕಲಿಸಿದ ಪಾಠ ಉಳಿದಿದೆ: ಜನರ ಮೊದಲ ಅಗತ್ಯ ಯಾವುದೆಂದು ಕೇಳದೆ ತಂದ ಯಂತ್ರವು ಊರಿನದಾಗುವುದಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ 2016ರಲ್ಲಿ ಆರು ಮಂದಿ ರೈತರು ಸೌರ ಸಹಕಾರ ಸಂಘವನ್ನು ಕಟ್ಟಿ, ತಮ್ಮ ಪಂಪುಗಳನ್ನು ಬಿಸಿಲಿನಿಂದ ನಡೆಸಿ, ಮಿಕ್ಕ ವಿದ್ಯುತ್ತನ್ನು ವಿತರಣಾ ಕಂಪನಿಗೆ ಮಾರತೊಡಗಿದರು. ನೀರನ್ನು ಅತಿಯಾಗಿ ಎತ್ತುವುದಕ್ಕಿಂತ ವಿದ್ಯುತ್ತನ್ನು ಮಾರುವುದೇ ಲಾಭವೆಂದಾದಾಗ ಅಂತರ್ಜಲಕ್ಕೂ ರಕ್ಷಣೆ ಎಂಬುದು ಅಲ್ಲಿಯ ತರ್ಕ. ಡೆನ್ಮಾರ್ಕಿನ ಕೋಪನ್‌ಹೇಗನ್ ತೀರದ ಮಿಡೆಲ್‌ಗ್ರುಂಡೆನ್‌ನಲ್ಲಿ 2000ದಲ್ಲಿ ನಿಂತ 20 ಗಾಳಿಯಂತ್ರಗಳಲ್ಲಿ ಅರ್ಧದಷ್ಟು ಸಾವಿರಾರು ಸದಸ್ಯರ ಸಹಕಾರ ಸಂಘಕ್ಕೆ ಸೇರಿದವು.

ಬಿಸಿಲಿನದೆಲ್ಲವೂ ವಿಕೇಂದ್ರೀಕರಣವಲ್ಲ

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಪಾವಗಡದ ಸೌರ ಉದ್ಯಾನವು ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟು ವರ್ಷವರ್ಷವೂ ಬಾಡಿಗೆ ಪಡೆಯುವ ಏರ್ಪಾಡು ಶ್ಲಾಘನೀಯವೇ. ಆದರೂ ವಿದ್ಯುತ್ತಿನ ಒಡೆತನ ಕಂಪನಿಗಳದು. ಭೂಮಿಯಿಲ್ಲದ ಕೂಲಿಕಾರನಿಗೆ ಬಾಡಿಗೆಯೂ ಇಲ್ಲ, ಹೊಲದ ಕೆಲಸವೂ ಇಲ್ಲ. ಇಂಧನವು ಕಲ್ಲಿದ್ದಲಿನಿಂದ ಬಿಸಿಲಿಗೆ ಬದಲಾದ ಮಾತ್ರಕ್ಕೆ ವ್ಯವಸ್ಥೆಯು ಜನರದಾಗದು.

ಈ ಭಾಗದ ಲೆಕ್ಕಾಚಾರ

ಕಲಬುರಗಿ ಸೀಮೆಯ ಬಿಸಿಲಿನ ವಿಷಯ ಬೇರೆ ಹೇಳಬೇಕಾಗಿಲ್ಲ. ಒಂದು ಕಿಲೋವ್ಯಾಟ್ ಸೌರಫಲಕಕ್ಕೆ ಸುಮಾರು 100 ಚದರಡಿ ಛಾವಣಿ ಬೇಕು. ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಒಂದು ಶಾಲೆಯ 2,000 ಚದರಡಿ ಛಾವಣಿಯಲ್ಲಿ 20 ಕಿಲೋವ್ಯಾಟ್, ಅಂದರೆ ದಿನಕ್ಕೆ ಸುಮಾರು 80 ಯೂನಿಟ್. ಶಾಲೆಯ ಬಳಕೆ ಹಗಲಿನದಾದ್ದರಿಂದ ಬಿಸಿಲಿಗೂ ಬಳಕೆಗೂ ಹೊಂದಿಕೆಯಿದೆ. ವಸತಿಗೃಹದ ಬಳಕೆ ರಾತ್ರಿಯದು. ಅದಕ್ಕೆ ಬ್ಯಾಟರಿಯನ್ನಾಗಲಿ ಹೊರಗಿನ ತಂತಿಯ ಜೋಡಣೆಯನ್ನಾಗಲಿ ಇರಿಸಿಕೊಳ್ಳಬೇಕು. ಬಿಸಿಲು ತೀವ್ರವಾಗಿರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಊರಿನ ಕುಡಿಯುವ ನೀರಿಗೆ ಅಭಾವವೂ ಆಗಲೇ. ರಜೆಯ ಕಾಲದ ವಿದ್ಯುತ್ತು ನೀರಿನ ಪಂಪಿಗೆ ಸಲ್ಲುವಂತೆ ಶಾಲೆಯೂ ಪಂಚಾಯತಿಯೂ ಕೂಡಿ ಯೋಜಿಸಿದರೆ ಒಂದೇ ಛಾವಣಿಯಿಂದ ಎರಡು ಪ್ರಯೋಜನ.

ಅಡಚಣೆಗಳೂ ಈ ನೆಲಕ್ಕೆ ವಿಶಿಷ್ಟವಾದವು. ವಾಡಿ, ಶಹಾಬಾದ ಮತ್ತು ಸೇಡಂ ಸುತ್ತಿನ ಗಣಿ ಹಾಗೂ ಸಿಮೆಂಟಿನ ಧೂಳು ಫಲಕದ ಮೇಲೆ ಕುಳಿತರೆ ಉತ್ಪಾದನೆ ಇಳಿಯುತ್ತದೆ. ತೊಳೆಯುವ ಕೆಲಸಕ್ಕೆ ಒಬ್ಬ ಹೊಣೆಗಾರ ಇರಲೇಬೇಕು. ಶಹಾಬಾದಿ ಕಲ್ಲಿನ ಚಪ್ಪಡಿ ಹೊದಿಸಿದ ಹಳೆಯ ಮಾಳಿಗೆಗಳು ಹೊಸ ಭಾರವನ್ನು ತಾಳುವವೋ ಎಂಬುದನ್ನು ಎಂಜಿನಿಯರು ಪರೀಕ್ಷಿಸದೆ ಮುಂದುವರಿಯುವುದು ಸಲ್ಲದು. ನೆಲದ ಮೇಲೆ ಫಲಕ ಹಾಕುವುದಾದರೆ ತೊಗರಿ ಬೆಳೆಯುವ ಎರೆಭೂಮಿಗೆ ಕೈಹಚ್ಚದೆ, ಕಲ್ಲು ತೆಗೆದು ಬಿಟ್ಟ ಗಣಿಯ ಬರಡು ನೆಲವನ್ನು ಆರಿಸುವುದು ವಿವೇಕ.

ತೊಗರಿಯ ಕಟ್ಟಿಗೆಯಿಂದ ಅನಿಲ ತೆಗೆದು ವಿದ್ಯುತ್ತು ಮಾಡುವ ವಿಧಾನವೂ ಉಂಟು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಸೌದೆಯಿಂದ ನಡೆಯುವ ಅಂತಹ ಘಟಕವನ್ನು ಸ್ಥಾಪಿಸಿದ್ದರು. ಆದರೆ ತೊಗರಿ ಕಟ್ಟಿಗೆಯನ್ನು ಕಸವೆಂದು ಲೆಕ್ಕಕ್ಕೆ ಹಿಡಿಯುವುದು ತಪ್ಪು. ಅದು ಬಡವರ ಮನೆಯ ಒಲೆಯ ಉರುವಲು. ಆ ಒಲೆಗೆ ಬೇರೆ ದಾರಿ ಕಾಣಿಸಿದ ತರುವಾಯ, ಮಿಕ್ಕುದಷ್ಟೇ ಯಂತ್ರದ ಪಾಲಾಗಬೇಕು.

ಚಿಂಚೋಳಿಯ ಪರಿಸ್ಥಿತಿ ಇನ್ನೊಂದು ಬಗೆಯದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 135 ಚದರ ಕಿಲೋಮೀಟರಿನ ಅರಣ್ಯವೂ ಚದುರಿದ ತಾಂಡಾಗಳೂ ಅಲ್ಲಿವೆ. ಕಾಡಿನ ಮೂಲಕ ತಂತಿ ಎಳೆಯುವುದು ದುಬಾರಿ, ಕಾಪಾಡುವುದು ಇನ್ನೂ ಕಷ್ಟ. ಇಂತಹ ನೆಲೆಗಳಿಗೆ ಸ್ವತಂತ್ರವಾದ ಸಣ್ಣ ಘಟಕಗಳೇ ತಕ್ಕವು.

ಸಂಘಕ್ಕೆ ಬೇಕಾದುದು

2019ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ‘ಕುಸುಮ್’ ಯೋಜನೆಯು ಬರಡು ಭೂಮಿಯಲ್ಲಿ 2 ಮೆಗಾವ್ಯಾಟ್‌ವರೆಗಿನ ಘಟಕಗಳನ್ನು ಸ್ಥಾಪಿಸಲು ರೈತರಿಗೂ ಸಹಕಾರ ಸಂಘಗಳಿಗೂ ಪಂಚಾಯತಿಗಳಿಗೂ ಅವಕಾಶ ಕಲ್ಪಿಸಿತು. ಇನ್ನೊಂದು ಕಡೆ, ಕೃಷಿ ಪಂಪುಗಳಿಗೆ ಉಚಿತ ವಿದ್ಯುತ್ತಿನ ಸೌಲಭ್ಯವಿದೆ. 2023ರಲ್ಲಿ ಮನೆಗಳಿಗೂ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತಿನ ಯೋಜನೆ ಬಂತು. ಇವು ಬಡವರಿಗೆ ನೆರವಾಗಿವೆ. ಆದರೆ ಕಾಸಿಲ್ಲದೆ ಬರುವುದಕ್ಕೆ ಬದಲಾಗಿ ಹಣ ಹೂಡಿ ತಾನೇ ಮಾಡಿಕೊಳ್ಳುವ ಉತ್ಸಾಹ ಸಹಜವಾಗಿ ಕುಂದುತ್ತದೆ. ಆದುದರಿಂದ ಊರಿನ ಸಂಘವು ಮೊದಲು ಆರಿಸಿಕೊಳ್ಳಬೇಕಾದುದು ಉಚಿತ ವಿದ್ಯುತ್ತು ತಲುಪದ ಬಳಕೆಗಳನ್ನು: ಸರ್ಕಾರಿಯಲ್ಲದ ಶಾಲೆ, ದಾಲ್ ಮಿಲ್ಲು, ಹಿಟ್ಟಿನ ಗಿರಣಿ, ನೀರಿನ ಪಂಪು, ಸಣ್ಣ ಕಾರ್ಯಾಗಾರ.

ದಾನಿಗಳ ಧನದಿಂದ ಫಲಕಗಳು ಒಂದು ವಾರದಲ್ಲಿ ಛಾವಣಿಯನ್ನೇರಬಲ್ಲವು. ಅವು ಇಪ್ಪತ್ತೈದು ವರ್ಷ ಬಾಳಬಲ್ಲವು. ಆದರೆ ಇನ್ವರ್ಟರು ಅದಕ್ಕಿಂತ ಮೊದಲೇ, ಬ್ಯಾಟರಿಯು ಇನ್ನೂ ಮೊದಲೇ ಬದಲಾವಣೆ ಕೇಳುತ್ತವೆ. ಅಂದಿನ ವೆಚ್ಚಕ್ಕಾಗಿ ಇಂದಿನಿಂದಲೇ ತಿಂಗಳು ತಿಂಗಳು ನಿಧಿ ಕೂಡಿಸದಿದ್ದರೆ ಉದ್ಘಾಟನೆಯ ಕಲ್ಲು ಮಾತ್ರ ಉಳಿದೀತು. ಸದಸ್ಯರ ಮುಂದೆ ಓದಿ ಹೇಳುವ ಲೆಕ್ಕ, ಊರಿನಲ್ಲಿಯೇ ತರಬೇತಾದ ಒಬ್ಬಿಬ್ಬರು ದುರಸ್ತಿಗಾರರು, ದೊಡ್ಡವರಿಗೂ ಸಣ್ಣವರಿಗೂ ಒಂದೇ ದರ: ಈ ಮೂರು ಇರುವಲ್ಲಿ ಸಂಘ ಬಾಳುತ್ತದೆ. ಲೆಕ್ಕ ಕಲಿಸುವ ಅಧ್ಯಾಪಕರೂ, ಯಂತ್ರವಿದ್ಯೆ ಕಲಿತು ಹೊರಹೋದ ಹಳೆಯ ವಿದ್ಯಾರ್ಥಿಗಳೂ, ಬಂಡವಾಳ ನೀಡಬಲ್ಲ ದಾನಿಗಳೂ ಒಂದೆಡೆ ಸೇರುವುದು ಊರಿನ ಶಾಲೆಯಲ್ಲಿ. ಆದ್ದರಿಂದ ಇಂತಹ ಸಂಘದ ಮೊದಲ ಸಭೆ ಸೇರುವುದಕ್ಕೆ ಶಾಲೆಯ ಅಂಗಳಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ.