ಆ ಹಿಮಶಿಖರದಲ್ಲಿ ಬೇಳೆ ಬೇಯುತ್ತಾ?

ಅಂಟಾರ್ಟಿಕಾದ ಅತಿ ಎತ್ತರದ ಶಿಖರ ಮೌಂಟ್ ವಿನ್ಸನ್. ಎತ್ತರ 4,892 ಮೀಟರ್. ನಮ್ಮ ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರ್ ಚಿಲ್ಲರೆ, ಅಷ್ಟೆ! 1966ರ ಡಿಸೆಂಬರ್‌ವರೆಗೂ ವಿನ್ಸನ್ ತುದಿ ಯಾರೂ ಮುಟ್ಟಿರಲಿಲ್ಲ.

ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 85 ಡಿಗ್ರಿ ಆಸುಪಾಸಿಗೇ ಕೊತಕೊತ ಕುದಿಯುತ್ತೆ, ಬೇಳೆ ಮಾತ್ರ ಗಟ್ಟಿಗಟ್ಟಿ!

ಇಂಥ ಜಾಗಕ್ಕೆ ಹೋಗೋರ ಊಟದ ಚಿಂತೆ ಮಾಡೋದು ನಮ್ಮ ಮೈಸೂರು. 1961ರಲ್ಲಿ ಶುರುವಾದ ಡಿಎಫ್‌ಆರ್‌ಎಲ್, ಅಂದ್ರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಸಿಯಾಚಿನ್ ಸೈನಿಕರಿಗೂ ಅಂಟಾರ್ಟಿಕಾ ತಂಡಗಳಿಗೂ ತಿನಿಸು ರೂಪಿಸಿದೆ. ಪಲಾವ್ ಮಾಡಿ, ಪದರಪದರದ ಪೊಟ್ಟಣಕ್ಕೆ ತುಂಬಿ, ಸೀಲ್ ಹಾಕಿ, ಪೊಟ್ಟಣ ಸಮೇತ ಸುಮಾರು 120 ಡಿಗ್ರಿ ಶಾಖ ಕೊಡ್ತಾರೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡೋದಿಲ್ಲ. ಬಿಸಿನೀರಲ್ಲಿ ಅದ್ದಿದ್ರೆ ಊಟ ರೆಡಿ.

1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದದ್ದೂ ಇಲ್ಲಿನ ತಿನಿಸೇ ಕಣ್ರೀ!