ಬೆವರು, ಬೇರು ಮತ್ತು ಬೊಜ್ಜು

ರಕ್ತದೊತ್ತಡ, ಮಧುಮೇಹಗಳ ಔಷಧವನ್ನು ರೋಗಿಯ ಮನೆಬಾಗಿಲಿಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ತಮಿಳುನಾಡು ಸರ್ಕಾರವು 2021ರ ಆಗಸ್ಟ್ 5ರಂದು ಪ್ರಾರಂಭಿಸಿದಾಗ ಅದರ ಉದ್ಘಾಟನೆ ನಡೆದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯೆಂಬ ಹಳ್ಳಿಯಲ್ಲಿ. ಮಳೆಯನ್ನೇ ನಂಬಿ ರಾಗಿ, ಹುರುಳಿ, ಅವರೆಗಳನ್ನು ಬೆಳೆದು, ಅವನ್ನೇ ಉಂಡು, ಮಾವಿನ ತೋಪಿನ ನೆರಳಿನಲ್ಲಿ ಕ್ಷಣಕಾಲ ದಣಿವಾರಿಸಿಕೊಂಡು ಮತ್ತೆ ನೇಗಿಲಿಗೆ ಕೈಹಾಕುತ್ತಿದ್ದ ಜನರ ಸೀಮೆಗೆ, ಉಳ್ಳವರ ವ್ಯಾಧಿಗಳೆಂದು ಒಂದು ಕಾಲಕ್ಕೆ ಹೆಸರಾಗಿದ್ದ ಈ ರೋಗಗಳು ಬಂದು ನೆಲಸಿವೆ. ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವು ತಲೆಯೆತ್ತಿ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಮೊದಲಾದ ಕಾರ್ಖಾನೆಗಳು ಅನ್ನದಾತರಾದ ಮೇಲೆ, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಕಡೆಯ ರೈತನ ಮಗನು ಕಂಪನಿಯ ಬಸ್ಸಿನಲ್ಲಿ ಕುಳಿತು ಹೋಗಿ, ಪಾಳಿ ಮುಗಿಸಿ, ಬಸ್ಸಿನಲ್ಲಿ ಕುಳಿತೇ ಮರಳತೊಡಗಿದನು. ದುಡಿಮೆ ಹೋಗಲಿಲ್ಲ, ಬೆವರು ಹೋಯಿತು. ಊಟ ಮಾತ್ರ ನೇಗಿಲು ಹಿಡಿದ ಕಾಲದ್ದೇ ಉಳಿಯಿತು, ಅದರ ಮೇಲೆ ಬೇಕರಿಯೂ ಸೇರಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಸ್ತ್ರೀಯರಲ್ಲಿ ಶೇಕಡ 40.4, ಪುರುಷರಲ್ಲಿ ಶೇಕಡ 37 ಮಂದಿ ಅತಿತೂಕದವರು. ನೆರೆಯ ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 30ರ ಆಸುಪಾಸು. ಭಾರತೀಯರ ಶರೀರವು ಕೊಬ್ಬನ್ನು ವಿಶೇಷವಾಗಿ ಉದರದಲ್ಲಿ ಶೇಖರಿಸಿಕೊಳ್ಳುವುದರಿಂದ, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸತಕ್ಕದ್ದೆಂದು ವೈದ್ಯರು ಹೇಳುತ್ತಾರೆ. ತಕ್ಕಡಿಗಿಂತ ದರ್ಜಿಯ ಟೇಪು ಇಲ್ಲಿ ಹೆಚ್ಚು ಸತ್ಯವಂತ.

ಹೀಗೆ ಬಂದ ಬೊಜ್ಜಿಗೆ ಪೇಟೆಯಲ್ಲಿ ಎರಡು ಪರಿಹಾರಗಳು ಮಾರಾಟಕ್ಕಿವೆ. ಒಂದು ಜಿಮ್ಮು, ಇನ್ನೊಂದು ಗ್ರಂಧಿಗೆ ಅಂಗಡಿಯಿಂದ ಔಷಧದಂಗಡಿಯವರೆಗೆ, ಅಲ್ಲಿಂದ ಮೊಬೈಲಿನ ಜಾಹೀರಾತಿನವರೆಗೆ ಹರಡಿರುವ ಮೂಲಿಕೆಗಳ ಚೂರ್ಣ, ಗುಳಿಗೆ, ಕಷಾಯ. ಎರಡನ್ನೂ ಕೂಡಿಸಿದರೆ ಫಲವು ಇಮ್ಮಡಿಯಾದೀತೆಂಬ ಆಸೆ ಸಹಜವಾದುದು, ಮತ್ತು ಹೊಸದೂ ಅಲ್ಲ. ಸುಶ್ರುತ ಸಂಹಿತೆಯು ಮೇದಸ್ಸಿನ ವೃದ್ಧಿಗೆ ಚಿಕಿತ್ಸೆಯನ್ನು ವಿಧಿಸುವಾಗ ಗುಗ್ಗುಲು, ಶಿಲಾಜತು, ತ್ರಿಫಲ, ಜೇನು, ಜವೆ, ಹೆಸರು, ಹಾರಕ ಇವುಗಳನ್ನು ಹೇಳಿ, ಅದೇ ಉಸಿರಿನಲ್ಲಿ ವ್ಯಾಯಾಮವನ್ನೂ ಹೇಳುತ್ತದೆ. ಚರಕನಾದರೋ ಸ್ಥೂಲಕಾಯರಿಗೆ ಪಥ್ಯವಾದ ಧಾನ್ಯಗಳ ಸಾಲಿನಲ್ಲಿ ಹುರುಳಿಯನ್ನೂ ತೊಗರಿಯನ್ನೂ ಎಣಿಸಿ, ಪಡವಲ ನೆಲ್ಲಿಗಳನ್ನು ಜೊತೆಗಿಟ್ಟು, ವ್ಯಾಯಾಮದೊಡನೆ ಜಾಗರಣೆಯನ್ನೂ ಚಿಂತೆಯನ್ನೂ ಉಪಾಯಗಳೆಂದು ಕೊಟ್ಟಿದ್ದಾನೆ. ಕಡೆಯ ಎರಡರ ವಿಷಯದಲ್ಲಿ ಆಚಾರ್ಯನೊಡನೆ ನಮ್ಮ ಭಿನ್ನಾಭಿಪ್ರಾಯವುಂಟು: ನಿದ್ರೆ ಕಡಿಮೆಯಾದರೆ ಹಸಿವು ಹೆಚ್ಚುವುದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಜಾಗರಣೆಯಿಂದಲೇ ಕೃಶರಾಗುವುದಿದ್ದರೆ, ಹೊಸೂರಿನ ರಾತ್ರಿಪಾಳಿಯವರಲ್ಲಿ ಬೊಜ್ಜಿನವರೇ ಇರಬಾರದಾಗಿತ್ತು.

ಗ್ರಂಥವಾಕ್ಯವನ್ನು ಪ್ರಯೋಗಶಾಲೆಗೆ ಒಯ್ದು ನಿಕಷಕ್ಕೆ ಹಚ್ಚಿದವರಲ್ಲಿ ಡಾ. ಜಿ. ವಿ. ಸತ್ಯವತಿಯವರ ಹೆಸರು ಸ್ಮರಣೀಯ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಮಹಾನಿರ್ದೇಶಕರಾದ ಈ ವಿದುಷಿ, 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಸುಶ್ರುತನ ವರ್ಣನೆಯನ್ನೇ ಆಧಾರವಾಗಿಟ್ಟುಕೊಂಡು, ಗುಗ್ಗುಲುವು ರಕ್ತದಲ್ಲಿನ ಕೊಬ್ಬನ್ನು ತಗ್ಗಿಸಬಲ್ಲುದೇ ಎಂದು ಪರೀಕ್ಷಿಸಿದರು. ಆ ಕೆಲಸದಿಂದ ಪ್ರೇರಿತವಾದ ಸಂಶೋಧನೆಗಳು ಎರಡು ದಶಕಗಳ ಕಾಲ ನಡೆದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಮೂಲಕ ‘ಗುಗ್ಗುಲಿಪಿಡ್’ ಎಂಬ ಔಷಧವು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ಕಥೆ ಅಲ್ಲಿಗೇ ಮುಗಿದಿದ್ದರೆ ನಮಗೆ ಹೆಮ್ಮೆಯೊಂದೇ ಉಳಿಯುತ್ತಿತ್ತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರಗಳ ಕಾಲ ನಡೆಸಿದ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲು ಇಳಿಯುವ ಬದಲು ಕೊಂಚ ಏರಿತು. ಕೆಲವರಿಗೆ ಮೈಮೇಲೆ ದದ್ದು ಎದ್ದವು. ಅಲ್ಲಿಯ ಆಹಾರ ಬೇರೆ, ಶರೀರಪ್ರಕೃತಿ ಬೇರೆ ಎಂದು ವಾದಿಸಲು ಅವಕಾಶವಿದೆಯಾದರೂ, ನಿಸ್ಸಂದೇಹವಾದ ಔಷಧವೆಂಬ ಪಟ್ಟವು ಗುಗ್ಗುಲುವಿಗೆ ಉಳಿಯಲಿಲ್ಲ. ಅತ್ತ ರಾಜಸ್ಥಾನ, ಗುಜರಾತುಗಳ ಒಣಭೂಮಿಯಲ್ಲಿ ಆ ಗಿಡಕ್ಕೆ ಗಾಯಮಾಡಿ ಅಂಟನ್ನು ಬಸಿದೂ ಬಸಿದೂ ಅದರ ಸಂತತಿಯೇ ವಿನಾಶದ ಅಂಚಿಗೆ ಬಂದಿದೆ.

ನಮ್ಮ ಮಲೆನಾಡಿನ ಉಪ್ಪಾಗೆಯ ಗತಿಯೂ ಹೀಗೆಯೇ. ಮೀನಿನ ಸಾರಿಗೆ ಹುಳಿಯಾಗಿ ಬಳಕೆಯಲ್ಲಿದ್ದ ಈ ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಕೊಬ್ಬಿನ ಉತ್ಪತ್ತಿಯನ್ನು ತಡೆಯುವುದೆಂಬ ವಾರ್ತೆ ಹಬ್ಬಿದೊಡನೆ ಅದು ‘ಗಾರ್ಸೀನಿಯಾ’ ಎಂಬ ಹೆಸರಿನಲ್ಲಿ ಜಗತ್ತಿನ ಅಂಗಡಿಗಳನ್ನೆಲ್ಲ ಹೊಕ್ಕಿತು. 1998ರಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ ಹನ್ನೆರಡು ವಾರ ಪರೀಕ್ಷಿಸಿದಾಗ, ಗಾರ್ಸೀನಿಯಾ ಸೇವಿಸಿದವರು ಸರಾಸರಿ 3.2 ಕಿಲೊ, ಹುಸಿಗುಳಿಗೆ ಸೇವಿಸಿದವರು 4.1 ಕಿಲೊ ಇಳಿದಿದ್ದರು. ಇಬ್ಬರಿಗೂ ಕೊಟ್ಟಿದ್ದ ಮಿತಾಹಾರವೇ ಕೆಲಸ ಮಾಡಿತ್ತೆಂಬುದು ಸ್ಪಷ್ಟ.

ಇನ್ನು ತೀವ್ರವ್ಯಾಯಾಮದ ಮಾತು. ಜಿಮ್ಮಿನವರು ‘ಹಿಟ್’ ಎಂದು ಕರೆಯುವ ಕ್ರಮದಲ್ಲಿ ಸ್ವಲ್ಪ ಕಾಲ ಶಕ್ತಿಯ ಬಹುಭಾಗವನ್ನು ಸುರಿದು ಶ್ರಮಿಸುವುದು, ಆಮೇಲೆ ನಿಧಾನವಾಗುವುದು, ಮತ್ತೆ ಶ್ರಮಿಸುವುದು. ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡು ಶ್ರಮ, 10 ಸೆಕೆಂಡು ವಿರಾಮ. ನಾರ್ವೆಯವರ ಪದ್ಧತಿಯಲ್ಲಿ ನಾಲ್ಕು ನಿಮಿಷದ ಶ್ರಮ ನಾಲ್ಕು ಸಲ, ನಡುವೆ ಮೂರು ನಿಮಿಷದ ಮಂದಗತಿ. ಹೀಗೆ ದುಡಿದ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ತೂಕವು ಇಳಿಯದಿದ್ದರೂ ಯಕೃತ್ತಿನ ಕೊಬ್ಬು ಕರಗುತ್ತದೆ. ಆದರೆ ಒಟ್ಟು ಬೊಜ್ಜು ಕರಗಿಸುವುದರಲ್ಲಿ ಇದು ದೀರ್ಘಕಾಲದ ಬಿರುನಡಿಗೆಗಿಂತ ಗಮನಾರ್ಹವಾಗಿ ಮೇಲೇನೂ ಅಲ್ಲ. ಇದರ ಲಾಭ ಸಮಯದ ಉಳಿತಾಯ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿ ಅಡಗಿರುವಾಗ, ಇಪ್ಪತ್ತು ನಿಮಿಷದ ಜಿಗಿದಾಟದಿಂದ ಅದನ್ನು ತೀರಿಸುತ್ತೇನೆಂಬುದು ದುರಾಸೆ.

ಎರಡನ್ನೂ ಕೂಡಿಸಿ, ಅಂದರೆ ತೀವ್ರವ್ಯಾಯಾಮದೊಡನೆ ಶುಂಠಿ, ಹಸಿರು ಚಹಾ ಮುಂತಾದವುಗಳ ಸಾರವನ್ನು ಕೊಟ್ಟು ನಡೆಸಿದ ಅಧ್ಯಯನಗಳೂ ಇವೆ. ಅವುಗಳಲ್ಲಿ ಬಹುಪಾಲು ಕೆಲವೇ ಜನರ ಮೇಲೆ ಕೆಲವೇ ವಾರ ನಡೆದಂಥವು. ಅವುಗಳಿಂದ ದೊರೆತ ಸೂಚನೆಯನ್ನು ಸಿದ್ಧಾಂತವೆಂದು ತಿಳಿಯಲಾಗದು. ಕೂಡಿಸುವುದರಿಂದ ಅಪಾಯವೊದಗಿದ ಉದಾಹರಣೆಯಂತೂ ದಾಖಲೆಯಲ್ಲಿದೆ. 2003ರ ಫೆಬ್ರವರಿಯಲ್ಲಿ ಸ್ಟೀವ್ ಬೆಕ್ಲರ್ ಎಂಬ 23 ವರ್ಷದ ಬೇಸ್‌ಬಾಲ್ ಆಟಗಾರನು ತೂಕವಿಳಿಸಲು ಎಫೆಡ್ರಾ ಸಸ್ಯದ ಗುಳಿಗೆ ನುಂಗಿ ಫ್ಲಾರಿಡಾದ ಸೆಕೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಕುಸಿದು, ಶರೀರದ ಉಷ್ಣವೇರಿ ಮಡಿದನು. ಮರುವರ್ಷ ಅಮೆರಿಕ ಸರ್ಕಾರವು ಆ ಮೂಲಿಕೆಯ ಗುಳಿಗೆಗಳನ್ನು ನಿಷೇಧಿಸಿತು. ಹಸಿರು ಚಹಾ ಕುಡಿದರೆ ತೊಂದರೆಯಿಲ್ಲ. ಅದರ ಸಾರವನ್ನು ಗುಳಿಗೆಯಾಗಿ, ಅದರಲ್ಲಿನ ಇಜಿಸಿಜಿ ಎಂಬ ಅಂಶವು ದಿನಕ್ಕೆ 800 ಮಿಲಿಗ್ರಾಂ ಮುಟ್ಟುವಷ್ಟು ನುಂಗಿದರೆ ಯಕೃತ್ತಿಗೆ ಕೇಡಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಎಚ್ಚರಿಸಿದೆ. ಸಸ್ಯಜನ್ಯವಾದುದೆಲ್ಲ ನಿರಪಾಯಕಾರಿಯೆಂಬುದು ನಮ್ಮವರಲ್ಲಿ ಬೇರೂರಿದ ಭ್ರಾಂತಿ. ಎಕ್ಕವೂ ದತ್ತೂರವೂ ಸಸ್ಯಗಳೇ.

ವ್ಯಾಯಾಮದ ಪ್ರಮಾಣದ ವಿಷಯದಲ್ಲಿ ಮಾತ್ರ ಸುಶ್ರುತನ ವಿವೇಕ ಇಂದಿಗೂ ಗ್ರಾಹ್ಯ. ತನ್ನ ಬಲದ ಅರ್ಧದಷ್ಟನ್ನೇ ವ್ಯಯಿಸತಕ್ಕದ್ದು, ಉಸಿರು ಬಾಯಿಯ ಮೂಲಕ ಆಡತೊಡಗಿದರೆ ಅದೇ ಅರ್ಧಬಲದ ಗುರುತು ಎಂಬುದು ಆತನ ಮತ. ಬಹುಕಾಲ ಕುಳಿತೇ ಇದ್ದವನು ಮೊದಲ ಎರಡು ಮೂರು ತಿಂಗಳು ಈ ಗೆರೆಯನ್ನು ದಾಟದೆ, ನಡಿಗೆಯಲ್ಲೇ ಶರೀರವನ್ನು ಪಳಗಿಸಿಕೊಂಡು, ನಲವತ್ತು ದಾಟಿದ್ದರೆ ಅಥವಾ ರಕ್ತದೊತ್ತಡ, ಮಧುಮೇಹಗಳಿದ್ದರೆ ವೈದ್ಯರಿಗೆ ತೋರಿಸಿದ ಮೇಲೆಯೇ ತೀವ್ರಕ್ರಮಕ್ಕೆ ಇಳಿಯುವುದು ಲೇಸು. ಅದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಬಿರುಸಾಗಿ ಹತ್ತಿ, ನಿಂತು ಸುಧಾರಿಸಿಕೊಂಡು, ಮತ್ತೆ ಹತ್ತುವುದು ನಾರ್ವೆಯ ಪದ್ಧತಿಯೇ. ತಮಿಳುನಾಡು ಸರ್ಕಾರವು 2023ರ ನವೆಂಬರಿನಲ್ಲಿ ಆರಂಭಿಸಿದ ‘ನಡಪ್ಪೋಂ ನಲಂ ಪೆರುವೋಂ’ ಯೋಜನೆಯಂತೆ ಜಿಲ್ಲೆಗೊಂದು 8 ಕಿಲೊಮೀಟರಿನ ನಡಿಗೆಯ ದಾರಿಯೂ ಇದೆ.

ಆಹಾರದಲ್ಲಿ ಸಸ್ಯದ ಸಹಾಯ ಬೇಕೆನ್ನುವವರು ಹುರುಳಿಯತ್ತ ನೋಡಬಹುದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು, ನಾರೂ ಧಾರಾಳ. ರಾಗಿಯ ಬಗೆಗೆ ಮಾತ್ರ ಅತಿಭಕ್ತಿ ಸಲ್ಲದು: ನೂರು ಗ್ರಾಂ ರಾಗಿಯಲ್ಲಿ 320 ಕಿಲೊಕ್ಯಾಲರಿ, ಅಕ್ಕಿಯಲ್ಲಿ 355ರಷ್ಟು, ನಾರಿನಲ್ಲಿ ರಾಗಿ ಬಹಳ ಮೇಲಾದರೂ, ಕುಳಿತು ದುಡಿಯುವವನಿಗೆ ಎರಡನೆಯ ಮುದ್ದೆ ಮುದ್ದೆಯೇ. ಇಷ್ಟೆಲ್ಲ ನಡೆಸಿಯೂ ಚೂರ್ಣವನ್ನು ಕೊಳ್ಳಲೇಬೇಕೆನಿಸಿದರೆ, ಡಬ್ಬಿಯನ್ನು ವೈದ್ಯರಿಗೆ ಮೊದಲು ತೋರಿಸಿ, ನೀವು ನುಂಗುತ್ತಿರುವ ಇತರ ಮಾತ್ರೆಗಳ ಹೆಸರನ್ನೂ ಅವರಿಗೆ ಹೇಳಿ.